ಮರುನೋಟದ ಮೀಮಾಂಸೆ: ಮತ್ತೆ ಮತ್ತೆ ನೋಡಲಾಗುವ ಮೂರು ಕನ್ನಡ ಚಲನಚಿತ್ರಗಳು

೧. ಪ್ರವೇಶ

ಕಥೆಯ ಕೊನೆ ತಿಳಿದ ಮೇಲೂ ಜನ ಅದೇ ಚಲನಚಿತ್ರವನ್ನು ಮತ್ತೆ ಏಕೆ ನೋಡುತ್ತಾರೆ ಎಂಬುದು ಮೇಲ್ನೋಟಕ್ಕೆ ಸರಳವಾದ, ಆದರೆ ಕಲಾನುಭವದ ಮೂಲವನ್ನೇ ಮುಟ್ಟುವ ಪ್ರಶ್ನೆಯಾಗಿದೆ. ಕಥೆಯೆಂದರೆ ಮುಂದೇನಾಗುವುದೆಂಬ ಕುತೂಹಲವನ್ನು ಹುಟ್ಟಿಸಿ ತಣಿಸುವ ಸಾಧನ ಎಂದು ಭಾವಿಸಿದರೆ, ಒಮ್ಮೆ ತಣಿದ ಕುತೂಹಲಕ್ಕೆ ಎರಡನೆಯ ಬಾರಿ ಕೆಲಸವಿರಲಾರದು. ಆದರೆ ವಾಸ್ತವ ಬೇರೆಯೇ ಆಗಿದೆ. ಕನ್ನಡ ಪ್ರೇಕ್ಷಕರು ಕೆಲವು ಚಿತ್ರಗಳನ್ನು ಹತ್ತು ಬಾರಿ, ಇಪ್ಪತ್ತು ಬಾರಿ ನೋಡಿದ್ದಾರೆ. ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೂ ಕೊನೆಯ ದೃಶ್ಯಕ್ಕೆ ಕಣ್ಣೀರು ಒರೆಸಿಕೊಂಡಿದ್ದಾರೆ.

ಈ ವಿದ್ಯಮಾನವನ್ನು ವಿಮರ್ಶೆಯು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿಸಿಬಿಡುತ್ತದೆ. ಒಂದು, ತಾರೆಯ ಮೇಲಿನ ಅಭಿಮಾನ. ಇನ್ನೊಂದು, ಕಳೆದ ಕಾಲದ ಹಂಬಲ. ಇವೆರಡೂ ಸುಳ್ಳಲ್ಲ. ಆದರೆ ಒಬ್ಬನೇ ನಟನ ನೂರಾರು ಚಿತ್ರಗಳಲ್ಲಿ ಕೆಲವನ್ನು ಮಾತ್ರ ಜನ ಮರಳಿ ಮರಳಿ ಏಕೆ ನೋಡಿದರು ಎಂಬುದಕ್ಕೆ ಇವು ಉತ್ತರ ಕೊಡುವುದಿಲ್ಲ. ಕೆಲವು ಚಿತ್ರಗಳ ರಚನೆಯೇ ಮರುನೋಟವನ್ನು ಬೇಡುವಂತಿರುತ್ತದೆ; ಕೊನೆ ತಿಳಿದ ಮೇಲೆ ಅವುಗಳ ಮೊದಲ ಭಾಗದ ಅರ್ಥ ಬದಲಾಗುತ್ತದೆ; ಆದ್ದರಿಂದ ಅಂಥ ಚಿತ್ರಗಳಿಗೆ ಮೊದಲ ನೋಟವು ಪರಿಚಯ ಮಾತ್ರವಾಗಿದ್ದು, ನಿಜವಾದ ಗ್ರಹಿಕೆ ಎರಡನೆಯ ನೋಟದಿಂದ ಆರಂಭವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. 'ಕಸ್ತೂರಿ ನಿವಾಸ' (೧೯೭೧), 'ನಾಗರಹಾವು' (೧೯೭೨) ಮತ್ತು 'ಘಟಶ್ರಾದ್ಧ' (೧೯೭೭) ಎಂಬ ಮೂರು ಚಿತ್ರಗಳನ್ನು ಆಧರಿಸಿ ಈ ಮಾತನ್ನು ಇಲ್ಲಿ ಪರಿಶೀಲಿಸಲಾಗಿದೆ. ಮರುನೋಟಕ್ಕೆ ಚಿತ್ರದ ಪ್ರತಿ ಉಳಿದಿರಬೇಕಾದುದು ಮೊದಲ ಅಗತ್ಯವಾದ ಕಾರಣ, ಉಳಿವಿನ ಪ್ರಶ್ನೆಯನ್ನೂ ಕೊನೆಯಲ್ಲಿ ಚರ್ಚಿಸಲಾಗಿದೆ.

೨. ತಿಳಿದ ಕಥೆಯ ಪರಂಪರೆ

ತಿಳಿದ ಕಥೆಯನ್ನೇ ಮತ್ತೆ ಆಸ್ವಾದಿಸುವುದು ಕನ್ನಡ ಸಮುದಾಯಕ್ಕೆ ಸಿನಿಮಾದಿಂದ ಬಂದ ಅಭ್ಯಾಸವಲ್ಲ. ಯಕ್ಷಗಾನದ ಕರ್ಣಪರ್ವಕ್ಕೆ ಬಂದು ಕುಳಿತ ಪ್ರೇಕ್ಷಕನಿಗೆ ಕರ್ಣ ಸಾಯುತ್ತಾನೆ ಎಂಬುದು ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲೇ ತಿಳಿದಿರುತ್ತದೆ. ಇಂದಿನ ರಾತ್ರಿ ಕರ್ಣ ಹೇಗೆ ಸಾಯುತ್ತಾನೆ, ಅರ್ಥಧಾರಿ ಅವನ ಪರವಾಗಿ ಯಾವ ಮಾತನ್ನು ಎತ್ತುತ್ತಾನೆ ಎಂಬುದಷ್ಟೇ ಅವನ ನಿರೀಕ್ಷೆ. ತಾಳಮದ್ದಳೆಯಲ್ಲಿ ವೇಷವೂ ಇಲ್ಲದೆ, ಕುಣಿತವೂ ಇಲ್ಲದೆ, ಮಾತೊಂದರಿಂದಲೇ ಹಳೆಯ ಕಥೆ ಹೊಸದಾಗುತ್ತದೆ. ಕುಮಾರವ್ಯಾಸನ ಭಾರತದ ಗಮಕ ವಾಚನವನ್ನು ಕೇಳಲು ಸೇರುತ್ತಿದ್ದ ಜನರೂ ಕಥೆ ತಿಳಿಯಲು ಬಂದವರಲ್ಲ.

ಈ ಅನುಭವಕ್ಕೆ ಶಾಸ್ತ್ರದ ಆಧಾರವೂ ಇದೆ. ಆನಂದವರ್ಧನನು 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ, ಹಿಂದೆ ಕಂಡ ಅರ್ಥಗಳೇ ಆದರೂ ರಸದ ಸ್ಪರ್ಶದಿಂದ ಕಾವ್ಯದಲ್ಲಿ ಹೊಸವಾಗಿ ತೋರುತ್ತವೆ ಎಂದು ಹೇಳಿ, ವಸಂತ ಮಾಸದ ಮರಗಳನ್ನು ಹೋಲಿಕೆಯಾಗಿ ಕೊಡುತ್ತಾನೆ. ಮರ ಹಳೆಯದೇ, ಚಿಗುರು ಹೊಸದು. ಕುತೂಹಲವು ವಸ್ತುವಿಗೆ ಸಂಬಂಧಿಸಿದ್ದು. ರಸವು ವಸ್ತುವನ್ನು ಅನುಭವಿಸುವ ಬಗೆಗೆ ಸಂಬಂಧಿಸಿದ್ದು. ಮೊದಲನೆಯದು ಒಮ್ಮೆಗೆ ತೀರಿಹೋಗುತ್ತದೆ, ಎರಡನೆಯದು ತೀರಬೇಕಾದ ಕಾರಣವಿಲ್ಲ.

ಆದರೆ ಈ ಪರಂಪರೆಯನ್ನು ಸಿನಿಮಾಕ್ಕೆ ನೇರವಾಗಿ ಅನ್ವಯಿಸುವ ಮೊದಲು ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಯಕ್ಷಗಾನದ ಪ್ರಸಂಗ ಹಳೆಯದಾದರೂ ಪ್ರತಿ ರಾತ್ರಿಯ ಪ್ರದರ್ಶನ ಹೊಸದು. ಕಲಾವಿದ ಬದಲಾಗಬಹುದು, ಮಾತು ಬದಲಾಗಬಹುದು, ಅದೇ ಕಲಾವಿದನ ಕಂಠ ಇಂದು ಹೆಚ್ಚು ತೆರೆದುಕೊಂಡಿರಬಹುದು. ಚಲನಚಿತ್ರದಲ್ಲಿ ಇದಾವುದೂ ಸಾಧ್ಯವಿಲ್ಲ. ನಟ ಐವತ್ತು ವರ್ಷಗಳ ಹಿಂದೆ ತಿರುಗಿಸಿದ ಕತ್ತನ್ನು ಇಂದೂ ಅಷ್ಟೇ ತಿರುಗಿಸುತ್ತಾನೆ. ರಂಗದ ಮೇಲೆ ಹೊಸತನದ ಹೊಣೆಯನ್ನು ಕಲಾವಿದ ಹಂಚಿಕೊಳ್ಳುತ್ತಾನೆ. ಸಿನಿಮಾದ ಮರುನೋಟದಲ್ಲಿ ಆ ಹೊಣೆ ಪೂರ್ತಿಯಾಗಿ ಪ್ರೇಕ್ಷಕನ ಮೇಲೆ ಬೀಳುತ್ತದೆ. ಪರದೆಯ ಮೇಲಿನದು ಬದಲಾಗದಿರುವುದರಿಂದಲೇ ನೋಡುವವನಲ್ಲಿ ಆದ ಬದಲಾವಣೆ ಸ್ಪಷ್ಟವಾಗಿ ಅಳತೆಗೆ ಸಿಗುತ್ತದೆ. ಮರುನೋಟದ ಚರ್ಚೆಗೆ ಇದು ಕೀಲಿಕೈಯಾದ ಅಂಶ.

೩. ಮರುನೋಟದ ಸಂದರ್ಭಗಳು

ಕನ್ನಡ ಪ್ರೇಕ್ಷಕರ ಮರುನೋಟದ ಅಭ್ಯಾಸವು ಪ್ರದರ್ಶನದ ವ್ಯವಸ್ಥೆಗೆ ತಕ್ಕಂತೆ ರೂಪುಗೊಂಡಿದೆ. ನಗರದ ಚಿತ್ರಮಂದಿರದಲ್ಲಿ ಮೊದಲ ಓಟ ಮುಗಿಸಿದ ಪ್ರತಿಗಳು ಸಣ್ಣ ಊರುಗಳಿಗೆ, ಅಲ್ಲಿಂದ ಟೂರಿಂಗ್ ಟಾಕೀಸುಗಳಿಗೆ ಸಾಗುತ್ತಿದ್ದವು. ಜಾತ್ರೆಯ ಕಾಲದಲ್ಲಿ ಟೆಂಟಿಗೆ ಬಂದ ಚಿತ್ರ ವರ್ಷಗಳಷ್ಟು ಹಳೆಯದಾಗಿದ್ದರೂ ನೆಲದ ಮೇಲೆ ಕುಳಿತು ನೋಡುವವರಿಗೆ ಕೊರತೆಯಿರಲಿಲ್ಲ. ಹೀಗಾಗಿ ಮರುನೋಟ ಎನ್ನುವುದು ಬಹುಕಾಲ ಸಾಮೂಹಿಕ ಕ್ರಿಯೆಯಾಗಿಯೇ ಇತ್ತು.

ಇದರ ಶಿಖರವನ್ನು ೧೯೭೨ರ 'ಬಂಗಾರದ ಮನುಷ್ಯ'ದಲ್ಲಿ ಕಾಣಬಹುದು. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ಈ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಓಡಿತು. ಒಂದೇ ಊರಿನ ಒಂದೇ ಚಿತ್ರಮಂದಿರದಲ್ಲಿ ಇಷ್ಟು ದೀರ್ಘ ಕಾಲ ಒಂದು ಚಿತ್ರ ನಿಲ್ಲುವುದು ಹೊಸ ಪ್ರೇಕ್ಷಕರೊಬ್ಬರಿಂದಲೇ ಸಾಧ್ಯವಾಗುವ ಮಾತಲ್ಲ. ನೋಡಿದವರೇ ಮತ್ತೆ ಬಂದಿರಬೇಕು, ಬರುವಾಗ ಮನೆಯವರನ್ನು ಕರೆತಂದಿರಬೇಕು. ಚಿತ್ರ ನೋಡಿ ನಗರ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕೆ ತೊಡಗಿದವರಿದ್ದಾರೆ ಎಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಅಕ್ಕನ ಸಂಸಾರಕ್ಕಾಗಿ ಬಂಜರು ನೆಲವನ್ನು ಹಸನು ಮಾಡಿದ ರಾಜೀವ ಕೊನೆಗೆ ಅದೇ ಮನೆಯವರ ಅನುಮಾನಕ್ಕೆ ಗುರಿಯಾಗಿ ಎದುರಾಡದೆ ಮನೆ ತೊರೆದು ಹೋಗುತ್ತಾನೆ. ಈ ನಿರ್ಗಮನ ತಿಳಿದವರಿಗೆ ಅವನು ನೆಲ ಅಗೆಯುವ ದೃಶ್ಯಗಳು ಬೇರೆಯಾಗಿಯೇ ಕಾಣುತ್ತವೆ. ಅವನು ಕಟ್ಟುತ್ತಿರುವ ಮನೆಯಲ್ಲಿ ಅವನಿಗೇ ಜಾಗವಿಲ್ಲವೆಂಬ ಅರಿವು ಪ್ರತಿ ಹಾರೆಯ ಏಟಿಗೂ ಅಂಟಿಕೊಂಡಿರುತ್ತದೆ.

೧೯೮೧ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದ ಮೇಲೆ ಹಳೆಯ ಚಿತ್ರಗಳು ಮನೆಯ ನಡುಮನೆಗೆ ಬಂದವು. ವಾರಕ್ಕೊಂದು ಕನ್ನಡ ಚಿತ್ರವೆಂಬ ಆ ದಿನಗಳಲ್ಲಿ ಟಿ.ವಿ. ಇದ್ದ ಮನೆಗೆ ಬೀದಿಯೆಲ್ಲ ಸೇರುತ್ತಿತ್ತು. ವಿಡಿಯೋ ಕ್ಯಾಸೆಟ್, ೧೯೯೪ರ ನಂತರ ಉದಯ ಟಿ.ವಿ.ಯಂತಹ ಉಪಗ್ರಹ ವಾಹಿನಿಗಳು, ಬಳಿಕ ವಿ.ಸಿ.ಡಿ. ಮತ್ತು ಡಿ.ವಿ.ಡಿ.ಗಳು, ಈಗ ಅಂತರಜಾಲ ಹೀಗೆ ಮಾಧ್ಯಮ ಬದಲಾದಂತೆಲ್ಲ ಮರುನೋಟ ಸುಲಭವಾಯಿತು, ಜೊತೆಗೆ ಒಂಟಿಯೂ ಆಯಿತು. ಟೆಂಟಿನಲ್ಲಿ ಚಿತ್ರ ಮತ್ತೆ ಬರುವವರೆಗೆ ಕಾಯಬೇಕಿತ್ತು. ಕಾಯುವ ಅವಧಿಯಲ್ಲಿ ನೆನಪು ಚಿತ್ರವನ್ನು ತನ್ನದೇ ರೀತಿಯಲ್ಲಿ ತಿದ್ದಿಕೊಳ್ಳುತ್ತಿತ್ತು. ಇಂದು ಬೇಕಾದ ದೃಶ್ಯವನ್ನಷ್ಟೇ ಬೇಕಾದಾಗ ನೋಡಬಹುದು. ಈ ಸೌಲಭ್ಯವು ಸೂಕ್ಷ್ಮ ಅಧ್ಯಯನಕ್ಕೆ ಅನುಕೂಲವಾದುದು. ಆದರೆ ಮೆಚ್ಚಿನ ತುಣುಕುಗಳನ್ನು ನೋಡುವುದಕ್ಕೂ ಇಡೀ ಚಿತ್ರವನ್ನು ಮತ್ತೆ ನೋಡುವುದಕ್ಕೂ ಇರುವ ಅಂತರ ದೊಡ್ಡದು. ಮುಂದಿನ ಮೂರು ಉದಾಹರಣೆಗಳಲ್ಲಿ ಇದು ಸ್ಪಷ್ಟವಾಗುತ್ತದೆ.

೪. 'ಕಸ್ತೂರಿ ನಿವಾಸ': ಮುಂಚೆಯೇ ತಿಳಿದ ಕೊನೆ

ದೊರೈ-ಭಗವಾನ್ ಜೋಡಿ ನಿರ್ದೇಶಿಸಿದ 'ಕಸ್ತೂರಿ ನಿವಾಸ'ದ ಕಥೆ ಬೆಂಕಿಪೆಟ್ಟಿಗೆ ಕಾರ್ಖಾನೆಯ ಒಡೆಯ ರವಿವರ್ಮನದು. ಕೊಡುವುದು ಅವನ ಸ್ವಭಾವ. ಕೊಟ್ಟದ್ದನ್ನು ಮರಳಿ ಪಡೆಯದಿರುವುದು ಅವನ ವ್ರತ. ಅವನ ಕೈಕೆಳಗೆ ದುಡಿದವನೇ ಪ್ರತಿಸ್ಪರ್ಧಿಯಾಗಿ ಬೆಳೆಯುತ್ತಾನೆ. ರವಿವರ್ಮ ಹಂತ ಹಂತವಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಕೊನೆಯಲ್ಲಿ ನೀಲಾ ಅವನನ್ನು ಕಾಣಲು ಬರುತ್ತಾಳೆ. ಬಂದವಳಿಗೆ ಊಟ ಬಡಿಸಲು ಕೈಯಲ್ಲಿ ಏನೂ ಇಲ್ಲದ ರವಿವರ್ಮ ತನ್ನ ಪ್ರೀತಿಯ ಪಾರಿವಾಳವನ್ನು ಮಾರುತ್ತಾನೆ. ಆಕೆ ಬಂದಿದ್ದುದು ಆ ಪಾರಿವಾಳವನ್ನೇ ಕೇಳಲು. ಕೊಡುವ ಕೈ ಮೊದಲ ಬಾರಿಗೆ ಬರಿದಾಗಿ ನಿಲ್ಲುತ್ತದೆ. ಆ ಆಘಾತವನ್ನು ರವಿವರ್ಮನ ಜೀವ ತಾಳುವುದಿಲ್ಲ.

ಮೊದಲ ನೋಟದಲ್ಲಿ ಈ ಕೊನೆ ಅನಿರೀಕ್ಷಿತವಾಗಿ ಎರಗುತ್ತದೆ. ಮರುನೋಟದಲ್ಲಿ ಆಘಾತ ಇರುವುದಿಲ್ಲ. ಅದರ ಸ್ಥಾನದಲ್ಲಿ ದೀರ್ಘವಾದ ಆತಂಕ ಇರುತ್ತದೆ. ಮೇಜಿನ ಕೆಳಗೆ ಬಾಂಬು ಇದೆಯೆಂದು ಪ್ರೇಕ್ಷಕನಿಗೆ ತಿಳಿದಿದ್ದು ಪಾತ್ರಗಳಿಗೆ ತಿಳಿಯದಿದ್ದರೆ ಸಾಧಾರಣ ಮಾತುಕತೆಯೂ ಉಸಿರು ಬಿಗಿಹಿಡಿಸುತ್ತದೆ ಎಂದು ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ವಿವರಿಸಿದ್ದುಂಟು. ಮೊದಲ ನೋಟಕ್ಕಾಗಿ ಹೇಳಿದ ಈ ಮಾತು ಮರುನೋಟಕ್ಕೆ ಇನ್ನೂ ಹೆಚ್ಚು ಹೊಂದುತ್ತದೆ. ಏಕೆಂದರೆ ಎರಡನೆಯ ಬಾರಿ ನೋಡುವವನಿಗೆ ಚಿತ್ರದುದ್ದಕ್ಕೂ ಪಾತ್ರಗಳಿಗಿಂತ ಹೆಚ್ಚು ತಿಳಿದಿರುತ್ತದೆ. ಪಾರಿವಾಳವು ಪರದೆಯ ಮೇಲೆ ಬಂದಾಗಲೆಲ್ಲ ಅವನು ಅದನ್ನು ಕೊನೆಯ ಬಾಗಿಲಿನಿಂದ ಹಿಂದಿರುಗಿ ನೋಡುತ್ತಿರುತ್ತಾನೆ.

ಈ ಚಿತ್ರದ ವಿಶೇಷವೆಂದರೆ ಅದು ತನ್ನೊಳಗೇ ಮರುನೋಟದ ಪಾಠವೊಂದನ್ನು ಇರಿಸಿಕೊಂಡಿದೆ. ಚಿ. ಉದಯಶಂಕರ್ ರಚಿಸಿ, ಜಿ.ಕೆ. ವೆಂಕಟೇಶ್ ಸಂಗೀತ ನೀಡಿ, ಪಿ.ಬಿ. ಶ್ರೀನಿವಾಸ್ ಹಾಡಿದ ಗೊಂಬೆಯ ಹಾಡು ಪ್ರಸಿದ್ಧವಾಗಿದೆ. ತಳ್ಳಿ ಬೀಳಿಸಿದರೂ ಮತ್ತೆ ನೆಟ್ಟಗೆ ನಿಲ್ಲುವ ಗೊಂಬೆ ಅದರ ಕೇಂದ್ರ. ಮೊದಲ ಸಲ ಅದು ಆಟದ ಹಾಡು. ಅದೇ ಧಾಟಿ ನಂತರ ದುಃಖದ ರೂಪದಲ್ಲಿ ಮರಳಿದಾಗ ಆಡಿಸುವವನಿಗೇ ಬೇಸರ ಬಂದ ಗೊಂಬೆಯ ಚಿತ್ರ ಎದುರಾಗುತ್ತದೆ. ಧಾಟಿ ಒಂದೇ, ಕಂಠ ಒಂದೇ; ನಡುವೆ ನಡೆದ ಬದುಕು ಅರ್ಥವನ್ನು ತಿರುಗಿಸಿರುತ್ತದೆ. ಇಡೀ ಚಿತ್ರವನ್ನು ಎರಡನೆಯ ಬಾರಿ ನೋಡುವವನಿಗೆ ಮೊದಲ ಹಾಡಿನೊಳಗೇ ಎರಡನೆಯದು ಕೇಳಿಸತೊಡಗುತ್ತದೆ. ಹಾಡನ್ನು ಬಿಡಿಯಾಗಿ ಕೇಳುವವರಿಗೆ ಈ ಅನುಭವ ದೊರೆಯಲಾರದು.

ಮರುನೋಟವು ಮೆಚ್ಚುಗೆಯನ್ನಷ್ಟೇ ಹೆಚ್ಚಿಸುತ್ತದೆ ಎಂದು ತಿಳಿಯಬೇಕಾಗಿಲ್ಲ. ರವಿವರ್ಮನ ದಾನಗುಣವನ್ನು ಮತ್ತೆ ಮತ್ತೆ ನೋಡಿದಾಗ, ಪಡೆಯಲು ಒಪ್ಪದ ಆ ಹಟದಲ್ಲಿ ಮನೆತನದ ಅಹಂಕಾರದ ಅಂಶವೂ ಬೆರೆತಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಇನ್ನೊಬ್ಬರಿಂದ ಪಡೆಯುವುದೂ ಸಂಬಂಧದ ಒಂದು ರೀತಿ. ಅದನ್ನು ನಿರಾಕರಿಸುವವನು ಎದುರಿನವರಿಗೆ ಕೊಡುವ ಸುಖವನ್ನು ನಿರಾಕರಿಸುತ್ತಾನೆ. ಚಿತ್ರವು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಅದಕ್ಕೆ ಎಡೆಮಾಡಿಕೊಡುವಷ್ಟು ವಿಸ್ತಾರವಾಗಿದೆ. ಇದೇ ಕಥೆ ಹಿಂದಿಯಲ್ಲಿ 'ಶಾಂದಾರ್' (೧೯೭೪) ಎಂದೂ ತಮಿಳಿನಲ್ಲಿ 'ಅವನ್‌ದಾನ್ ಮನಿದನ್' (೧೯೭೫) ಎಂದೂ ಮರಳಿ ಚಿತ್ರವಾದುದು ಅದರ ಕಸುವಿಗೆ ಸಾಕ್ಷಿ.

೫. 'ನಾಗರಹಾವು': ಬದಲಾಗುವ ಪಕ್ಷಪಾತ

ತ.ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು' ಮತ್ತು 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ನಾಗರಹಾವು' ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ಬೆಳೆಯುವ ರಾಮಾಚಾರಿಯ ಕಥೆ. ವಿಷ್ಣುವರ್ಧನ್ ಅವರನ್ನು ನಾಯಕನಟನನ್ನಾಗಿ ಜನಮನದಲ್ಲಿ ನಿಲ್ಲಿಸಿದ ಚಿತ್ರವಿದು. ಅವಮಾನವನ್ನು ತಾಳದ, ಪ್ರೀತಿಗೆ ಕರಗುವ ಈ ತರುಣನನ್ನು ಊರು ಪುಂಡನೆಂದು ಕರೆಯುತ್ತದೆ. ಅವನನ್ನು ನಂಬುವವರು ಇಬ್ಬರೇ: ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮ.

ಹದಿಹರೆಯದ ಪ್ರೇಕ್ಷಕ ಈ ಚಿತ್ರವನ್ನು ರಾಮಾಚಾರಿಯ ಪಕ್ಷದಲ್ಲಿ ನಿಂತು ನೋಡುತ್ತಾನೆ. ಕಾಲೇಜಿನ ಪ್ರಾಂಶುಪಾಲರ ಮೇಲೆ ಅವನು ತೀರಿಸಿಕೊಳ್ಳುವ ಸೇಡು, ಜಲೀಲನೊಡನೆ ನಡೆಸುವ ಹೊಡೆದಾಟ, ಅಲಮೇಲುವಿನ ಮೇಲಿನ ಪ್ರೀತಿ ಇವೆಲ್ಲ ತನ್ನವೇ ಎನಿಸುತ್ತವೆ. ಕೆ.ಎಸ್. ಅಶ್ವತ್ಥ್ ನಟಿಸಿದ ಚಾಮಯ್ಯ ಮೇಷ್ಟ್ರು ಆ ನೋಟಕ್ಕೆ ಆದರ್ಶ ಗುರು. ಅವರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟಾಗ ಅದು ಗುರುಭಕ್ತಿಯ ಉನ್ನತ ಕ್ಷಣವೆಂದು ತೋರುತ್ತದೆ.

ಚಿತ್ರದ ಮುಂದಿನ ಭಾಗ ತಿಳಿದ ಮೇಲೆ ಇದೇ ದೃಶ್ಯ ಇಷ್ಟು ನಿರಾಳವಾಗಿ ಉಳಿಯುವುದಿಲ್ಲ. ಮದುವೆಯಾಗಿ ಹೋದ ಅಲಮೇಲು ಗಂಡನಿಂದಲೇ ವೇಶ್ಯಾವೃತ್ತಿಗೆ ನೂಕಲ್ಪಟ್ಟ ಸ್ಥಿತಿಯಲ್ಲಿ ರಾಮಾಚಾರಿಗೆ ಎದುರಾಗುತ್ತಾಳೆ. ತ್ಯಾಗವೆಂದು ಕರೆಸಿಕೊಂಡದ್ದರ ಬೆಲೆಯನ್ನು ತೆತ್ತವಳು ಅವಳು. ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಮೇಷ್ಟ್ರ ಮಾತಿನ ಮೆದುತನ, ಶಿಷ್ಯನ ಮೇಲಿನ ನಿಜವಾದ ವಾತ್ಸಲ್ಯ, ಸಮಾಜದ ಕಟ್ಟುಪಾಡಿಗೆ ಅವರು ತಲೆಬಾಗುವ ರೀತಿ ಇವೆಲ್ಲ ಎರಡನೆಯ ನೋಟದಲ್ಲಿ ಒಟ್ಟಿಗೆ ಕಾಣಿಸುತ್ತವೆ. ಗದರಿಸಿ ಹೇಳಿದ್ದರೆ ರಾಮಾಚಾರಿ ಕೇಳುತ್ತಿರಲಿಲ್ಲ. ಪ್ರೀತಿಯಿಂದ ಹೇಳಿದ್ದರಿಂದಲೇ ಅನಾಹುತ ನಡೆಯಿತು. ಮಾರ್ಗರೆಟ್‌ಳ ವಿಷಯದಲ್ಲಿ ಮೇಷ್ಟ್ರು ಮತ್ತೆ ಅದೇ ಬುದ್ಧಿಮಾತಿಗೆ ಬಂದಾಗ, ಬೆಟ್ಟದ ಮೇಲೆ ಗುರುವೂ ಶಿಷ್ಯನೂ ಎದುರುಬದುರಾಗುವ ಕೊನೆಯ ದೃಶ್ಯ ಒಬ್ಬ ಖಳನಿಲ್ಲದೆಯೇ ದುರಂತವಾಗುತ್ತದೆ. ಗುರು ಪ್ರಪಾತಕ್ಕೆ ಬೀಳುತ್ತಾರೆ. ರಾಮಾಚಾರಿ ಮತ್ತು ಮಾರ್ಗರೆಟ್ ಅದೇ ದಾರಿ ಹಿಡಿಯುತ್ತಾರೆ.

ವಯಸ್ಸಾದಂತೆ ಪ್ರೇಕ್ಷಕನ ಪಕ್ಷಪಾತ ಬದಲಾಗುವುದು ಇಲ್ಲಿಯ ಮರುನೋಟದ ಮುಖ್ಯ ಲಕ್ಷಣ. ಮಕ್ಕಳನ್ನು ಬೆಳೆಸಿದವರು ಮೇಷ್ಟ್ರ ಭಯವನ್ನು ಅರ್ಥಮಾಡಿಕೊಳ್ಳುತ್ತಾರೆ. ಅದೇ ಹೊತ್ತಿನಲ್ಲಿ ಒಳ್ಳೆಯವರ ಬುದ್ಧಿಮಾತು ಎಷ್ಟು ಅಪಾಯಕಾರಿಯಾಗಬಲ್ಲದು ಎಂಬುದನ್ನೂ ಕಾಣುತ್ತಾರೆ. ಸ್ತ್ರೀವಾದಿ ಓದು ಬಲಗೊಂಡ ಮೇಲೆ ಚಿತ್ರವನ್ನು ನೋಡುವವರಿಗೆ ಅಲಮೇಲುವೇ ಕೇಂದ್ರ ಪಾತ್ರವಾಗಿ ತೋರಬಹುದು. ಚಿತ್ರದ ನಡುವೆ ಬರುವ ಒನಕೆ ಓಬವ್ವನ ಪ್ರಸಂಗವನ್ನೂ ಈ ಹಿನ್ನೆಲೆಯಲ್ಲಿ ಮತ್ತೆ ಪರಿಶೀಲಿಸಬಹುದಾಗಿದೆ. ಕೋಟೆಯನ್ನು ಉಳಿಸಿದ ಹೆಣ್ಣನ್ನು ಕೊಂಡಾಡುವ ಊರು ತನ್ನ ನಡುವಿನ ಹೆಣ್ಣಿನ ಮಾತನ್ನು ಕೇಳಿಸಿಕೊಳ್ಳದೆ ಹೋಗುತ್ತದೆ. ಈ ವೈದೃಶ್ಯ ನಿರ್ದೇಶಕರ ಉದ್ದೇಶವಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಚಿತ್ರದ ರಚನೆಯಲ್ಲಿ ಅದು ಇದೆ, ಮರುನೋಟಕ್ಕೆ ದಕ್ಕುತ್ತದೆ.

೬. 'ಘಟಶ್ರಾದ್ಧ': ಬಾಲಕನ ಕಣ್ಣು, ನೋಡುಗನ ಅರಿವು

ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ 'ಘಟಶ್ರಾದ್ಧ' ಗಿರೀಶ್ ಕಾಸರವಳ್ಳಿಯವರ ಮೊದಲ ಪೂರ್ಣಾವಧಿ ಕಥಾಚಿತ್ರ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ ಇದಕ್ಕಿದೆ. ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ಪಡೆದ ಈ ಕೃತಿಯನ್ನು ಜನಪ್ರಿಯ ಚಿತ್ರಗಳ ಸಾಲಿನಲ್ಲಿ ಇರಿಸಿ ಚರ್ಚಿಸುವುದು ರೂಢಿಯಲ್ಲಿಲ್ಲ. ಆದರೆ ಮರುನೋಟದ ದೃಷ್ಟಿಯಿಂದ ಜನಪ್ರಿಯ ಮತ್ತು ಕಲಾತ್ಮಕ ಎಂಬ ವಿಭಜನೆ ಹೆಚ್ಚು ಉಪಯೋಗಕ್ಕೆ ಬಾರದು.

ವೇದಪಾಠಕ್ಕೆಂದು ಉಡುಪರ ಮನೆಗೆ ಬಂದ ಬಾಲಕ ನಾಣಿಗೆ ಅವರ ಮಗಳಾದ ವಿಧವೆ ಯಮುನೆ ತಾಯಿಯಂತಾಗುತ್ತಾಳೆ. ಊರಿನ ಶಾಲಾ ಮಾಸ್ತರನಿಂದ ಅವಳು ಬಸುರಿಯಾಗುತ್ತಾಳೆ. ಗುಟ್ಟು ಹರಡುತ್ತದೆ, ಹುತ್ತಕ್ಕೆ ಕೈಯಿಟ್ಟು ಸಾಯಲು ಅವಳು ಯತ್ನಿಸುತ್ತಾಳೆ, ಕೊನೆಗೆ ತಂದೆಯೇ ಅವಳ ಘಟಶ್ರಾದ್ಧ ಮಾಡುತ್ತಾರೆ. ಮಡಕೆಯನ್ನು ಒಡೆದು, ಬದುಕಿರುವವಳನ್ನು ಸತ್ತವಳೆಂದು ಘೋಷಿಸಿ, ಜಾತಿಯಿಂದ ಹೊರಹಾಕುವ ಕ್ರಿಯೆಯದು. ನಾಣಿಯನ್ನು ಅವನ ಮನೆಯವರು ಕರೆದೊಯ್ಯುತ್ತಾರೆ. ತಲೆ ಬೋಳಿಸಿಕೊಂಡ ಯಮುನೆ ಒಬ್ಬಳೇ ಉಳಿಯುತ್ತಾಳೆ.

ಚಿತ್ರದ ಬಹುಪಾಲು ಘಟನೆಗಳು ನಾಣಿಯ ಕಣ್ಣಿಗೆ ಬಿದ್ದಷ್ಟೇ ಪ್ರೇಕ್ಷಕನಿಗೂ ಕಾಣುತ್ತವೆ. ಹಿರಿಯರ ಪಿಸುಮಾತು, ಕತ್ತಲಲ್ಲಿ ಹೊರಗೆ ಹೋಗುವ ಹೆಜ್ಜೆ, ಅರ್ಧಕ್ಕೆ ನಿಂತ ಮಾತು ಇವುಗಳ ಅರ್ಥ ನಾಣಿಗೆ ತಿಳಿಯದು. ಮೊದಲ ಬಾರಿ ನೋಡುವವನೂ ಅವನೊಂದಿಗೇ ತಡಕಾಡುತ್ತಾನೆ. ಎರಡನೆಯ ಬಾರಿ ನೋಡುವವನಿಗೆ ಎಲ್ಲವೂ ತಿಳಿದಿರುತ್ತದೆ, ನಾಣಿಗೆ ಮಾತ್ರ ಇನ್ನೂ ತಿಳಿದಿರುವುದಿಲ್ಲ. ಮೊದಲ ನೋಟದಲ್ಲಿ ಒಂದಾಗಿದ್ದ ಎರಡು ದೃಷ್ಟಿಗಳು ಮರುನೋಟದಲ್ಲಿ ಬೇರ್ಪಡುತ್ತವೆ. ಆ ನಡುವಿನ ಅಂತರದಲ್ಲಿಯೇ ಚಿತ್ರದ ನಿಜವಾದ ನೋವು ಹುಟ್ಟುತ್ತದೆ. ತಿಳಿಯದ ಮಗುವೊಂದು ಯಮುನೆಯ ಪಕ್ಕದಲ್ಲಿ ನಿಲ್ಲುತ್ತದೆ, ಎಲ್ಲ ತಿಳಿದ ಊರು ಅವಳನ್ನು ಕೈಬಿಡುತ್ತದೆ. ಮರುನೋಟದಲ್ಲಿ ಎಲ್ಲವನ್ನೂ ಬಲ್ಲ ಪ್ರೇಕ್ಷಕ, ತಾನೀಗ ಅರಿವಿನ ಲೆಕ್ಕದಲ್ಲಿ ನಾಣಿಗಿಂತ ಊರವರಿಗೇ ಹತ್ತಿರವಾಗಿದ್ದೇನೆ ಎಂಬುದನ್ನು ಕಂಡುಕೊಳ್ಳುತ್ತಾನೆ. ಇಂಥ ಮುಜುಗರವನ್ನು ಮೊದಲ ನೋಟ ಕೊಡಲಾರದು.

ಹೀಗೆ ನೋಡುವುದನ್ನು ಒಂದು ಶಿಸ್ತಾಗಿ ಕಲಿಸುವ ಪ್ರಯತ್ನಗಳೂ ಕರ್ನಾಟಕದಲ್ಲಿ ನಡೆದಿವೆ. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆಯು ಎಪ್ಪತ್ತರ ದಶಕದಲ್ಲಿ ಚಿತ್ರಸಮಾಜವನ್ನು ಕಟ್ಟಿ, ಹಳ್ಳಿಯ ಪ್ರೇಕ್ಷಕರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದ್ದೂರ್ ಅವರಂಥವರ ನೆರವಿನಿಂದ ಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿತು. ಒಂದು ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡಿ ಚರ್ಚಿಸುವ ವಿಧಾನಕ್ಕೆ ಮರುನೋಟವೇ ಅಡಿಪಾಯ. ಕವಿತೆಯನ್ನು ಒಂದೇ ಬಾರಿ ಓದಿ ವಿಮರ್ಶೆ ಬರೆಯುವುದನ್ನು ಯಾರೂ ಒಪ್ಪುವುದಿಲ್ಲ; ಚಲನಚಿತ್ರದ ವಿಷಯದಲ್ಲಿ ಮಾತ್ರ ಒಂದೇ ನೋಟದ ತೀರ್ಪು ಸಾಕೆಂಬ ಭಾವನೆ ಇಂದಿಗೂ ಬಲವಾಗಿದೆ.

೭. ಆಕ್ಷೇಪಗಳ ಪರಿಶೀಲನೆ

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಸಾಮಾನ್ಯ ಪ್ರೇಕ್ಷಕ ಹಳೆಯ ಚಿತ್ರವನ್ನು ಮತ್ತೆ ನೋಡುವುದು ಅರ್ಥದ ಅನ್ವೇಷಣೆಗಾಗಿ ಅಲ್ಲ, ನೆಮ್ಮದಿಗಾಗಿ ಎಂಬುದು. ದಿನದ ದುಡಿಮೆಯ ಬಳಿಕ, ಏನಾಗುವುದೆಂದು ತಿಳಿದಿರುವ ಕಥೆಯು ಆತಂಕರಹಿತವಾದ ಆಸರೆ ನೀಡುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ. ಹಾಸ್ಯ ಚಿತ್ರಗಳ ಮರುನೋಟಕ್ಕೆ ಈ ವಿವರಣೆ ಹೆಚ್ಚು ಸರಿಹೊಂದೀತು. ಆದರೆ ಮೇಲೆ ಚರ್ಚಿಸಿದ ಮೂರೂ ಚಿತ್ರಗಳು ಸಾವಿನಲ್ಲಿ ಅಥವಾ ಬಹಿಷ್ಕಾರದಲ್ಲಿ ಕೊನೆಗೊಳ್ಳುತ್ತವೆ. ಪ್ರೇಕ್ಷಕ ನೆಮ್ಮದಿಯನ್ನಷ್ಟೇ ಬಯಸಿದ್ದರೆ ಇವುಗಳ ಬಳಿಗೆ ಮರಳಬೇಕಾಗಿರಲಿಲ್ಲ. ನಿಯಂತ್ರಣಕ್ಕೆ ಸಿಗದ ಬದುಕಿನ ದುಃಖವನ್ನು, ಮೊದಲೇ ತಿಳಿದಿರುವ ಕಾರಣದಿಂದ ಎದುರಿಸಬಲ್ಲ ರೂಪದಲ್ಲಿ ಮತ್ತೆ ಅನುಭವಿಸುವ ಅವಕಾಶವನ್ನು ಇವು ಕೊಡುತ್ತವೆ. ಶೋಕವು ಕರುಣರಸವಾಗುವ ಬಗೆಯನ್ನು ಕುರಿತ ಭಾರತೀಯ ಮೀಮಾಂಸೆಯ ಚರ್ಚೆ ಇಲ್ಲಿ ಪ್ರಸ್ತುತವಾಗುತ್ತದೆ.

ಎರಡನೆಯ ಆಕ್ಷೇಪ ಅಭಿಮಾನಕ್ಕೆ ಸಂಬಂಧಿಸಿದ್ದು. ರಾಜಕುಮಾರ್ ಅಥವಾ ವಿಷ್ಣುವರ್ಧನ್ ಅವರ ಮೇಲಿನ ಆರಾಧನೆಯೇ ಜನರನ್ನು ಮರಳಿ ತರುತ್ತದೆ ಎಂಬ ಮಾತು 'ಘಟಶ್ರಾದ್ಧ'ದ ಉದಾಹರಣೆಯಿಂದ ದುರ್ಬಲವಾಗುತ್ತದೆ, ಅಲ್ಲಿ ತಾರೆಯರಿಲ್ಲ. ಅಲ್ಲದೆ ಅಭಿಮಾನವನ್ನು ಕುರುಡೆಂದು ತಳ್ಳಿಹಾಕುವುದೂ ಸರಿಯಲ್ಲ. ನಟನ ಒಂದು ನೋಟ, ಒಂದು ವಿರಾಮ, ಮಾತಿನ ಒಂದು ಏರಿಳಿತವನ್ನು ನೆನಪಿಟ್ಟುಕೊಂಡು ಅದಕ್ಕಾಗಿ ಕಾಯುವ ಅಭಿಮಾನಿಯು ಒಂದು ಅರ್ಥದಲ್ಲಿ ಅತ್ಯಂತ ಎಚ್ಚರದ ಓದುಗ.

೮. ಉಳಿವಿನ ಪ್ರಶ್ನೆ

ಮರುನೋಟದ ಬಗೆಗಿನ ಯಾವುದೇ ಚರ್ಚೆ ಕೊನೆಗೆ ಭೌತಿಕವಾದ ಪ್ರಶ್ನೆಯೊಂದಕ್ಕೆ ಬಂದು ನಿಲ್ಲುತ್ತದೆ: ನೋಡಲು ಚಿತ್ರ ಉಳಿದಿದೆಯೇ? ೧೯೩೪ರ ಮಾರ್ಚ್ ೩ರಂದು ತೆರೆಕಂಡ, ವೈ.ವಿ. ರಾವ್ ನಿರ್ದೇಶನದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿ ಇಂದು ಲಭ್ಯವಿಲ್ಲ. ಕನ್ನಡ ಸಿನಿಮಾದ ಮೊದಲ ಮಾತು ಹೇಗಿತ್ತೆಂಬುದನ್ನು ಬರಹ ಮತ್ತು ಸ್ಥಿರಚಿತ್ರಗಳ ಮೂಲಕ ಊಹಿಸಿಕೊಳ್ಳಬೇಕಾಗಿದೆ. ಒಂದು ಭಾಷೆಯ ಮೊದಲ ಕಾವ್ಯ ಕಳೆದುಹೋಗಿ ಅದರ ಪ್ರಸ್ತಾಪಗಳು ಮಾತ್ರ ಉಳಿದಂಥ ಸ್ಥಿತಿಯಿದು.

ಈ ನಷ್ಟಕ್ಕೆ ಕಾರಣಗಳು ತಿಳಿದವೇ ಆಗಿವೆ. ಆರಂಭಕಾಲದ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿ ಉರಿಯುವಂಥದು. ನಂತರ ಬಂದ ಅಸಿಟೇಟ್ ಫಿಲ್ಮು ಬಿಸಿ ಮತ್ತು ತೇವದ ಹವೆಯಲ್ಲಿ ನಿಧಾನವಾಗಿ ಕೊಳೆತು, ವಿನೆಗರಿನ ಹುಳಿವಾಸನೆ ಬೀರುತ್ತ, ಸುರುಟಿಕೊಂಡು ಹಾಳಾಗುತ್ತದೆ. ಓಟ ಮುಗಿದ ಪ್ರತಿಗಳನ್ನು ಅವುಗಳಲ್ಲಿನ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ಸ್ಥಾಪನೆಯಾದದ್ದು ೧೯೬೪ರಲ್ಲಿ. ಅಷ್ಟರಲ್ಲಿ ಕನ್ನಡ ವಾಕ್ಚಿತ್ರಕ್ಕೆ ಮೂವತ್ತು ವರ್ಷ ತುಂಬಿತ್ತು. ಚಿತ್ರಮಂದಿರಗಳು ಡಿಜಿಟಲ್ ಪ್ರದರ್ಶನಕ್ಕೆ ಬದಲಾದ ಮೇಲೆ ಫಿಲ್ಮು ಸಂಸ್ಕರಿಸುವ ಪ್ರಯೋಗಾಲಯಗಳು ಒಂದೊಂದಾಗಿ ಮುಚ್ಚಿ, ಅಲ್ಲಿದ್ದ ನೆಗೆಟಿವ್‌ಗಳಿಗೆ ದಿಕ್ಕಿಲ್ಲದಂತಾಯಿತು.

ಇತ್ತೀಚಿನ ದಶಕಗಳಲ್ಲಿ ಹ���ೆಯ ಚಿತ್ರಗಳಿಗೆ ಮರುಜೀವ ಕೊಡುವ ಎರಡು ಬಗೆಯ ಪ್ರಯತ್ನಗಳು ನಡೆದಿವೆ. ಮೊದಲನೆಯದು ವ್ಯಾಪಾರದ ಕಡೆಯಿಂದ ಬಂದುದು. ೨೦೦೪ರಲ್ಲಿ ಹಿಂದಿಯ 'ಮುಘಲ್-ಎ-ಆಜಮ್' ಪೂರ್ಣ ವರ್ಣದಲ್ಲಿ ಮರಳಿ ಬಂದ ಬಳಿಕ, ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ' (೧೯೬೫) ೨೦೦೮ರಲ್ಲಿಯೂ, 'ಕಸ್ತೂರಿ ನಿವಾಸ' ೨೦೧೪ರಲ್ಲಿಯೂ ವರ್ಣರೂಪದಲ್ಲಿ ತೆರೆಕಂಡವು. 'ನಾಗರಹಾವು' ೨೦೧೮ರಲ್ಲಿ ಡಿಜಿಟಲ್ ರೂಪದಲ್ಲಿ ಚಿತ್ರಮಂದಿರಕ್ಕೆ ಮರಳಿತು. ಹೊಸ ತಲೆಮಾರಿಗೆ ಈ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ತಲುಪಿಸಿದ್ದು ಈ ಪ್ರಯತ್ನಗಳ ಹೆಚ್ಚುಗಾರಿಕೆ. ಆದರೆ ಕಪ್ಪು-ಬಿಳುಪಿನ ಛಾಯಾಗ್ರಾಹಕ ಬಣ್ಣಗಳ ಬದಲು ಬೆಳಕಿನ ತರತಮಗಳಲ್ಲಿ ಯೋಚಿಸಿರುತ್ತಾನೆ. ಮೇಲಿನಿಂದ ಬಳಿದ ಬಣ್ಣ ಆ ಯೋಚನೆಯನ್ನು ಮುಚ್ಚುತ್ತದೆ. ಹಳೆಯ ಚೌಕಟ್ಟನ್ನು ಅಗಲ ಪರದೆಗೆ ಹೊಂದಿಸುವಾಗ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಕತ್ತರಿಸಬೇಕಾಗುತ್ತದೆ. ಮರುನೋಟದ ಬೆಲೆಯು ನೋಡುವ ವಸ್ತು ಬದಲಾಗದಿರುವುದರಲ್ಲಿ ಇದೆ ಎಂಬ ಮೇಲಿನ ಮಾತನ್ನು ನೆನೆದರೆ, ಇಲ್ಲಿಯ ತೊಡಕು ಸ್ಪಷ್ಟವಾಗುತ್ತದೆ.

ಎರಡನೆಯದು ಸಂರಕ್ಷಣೆಯ ಪ್ರಯತ್ನ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹಾಗೂ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಫಿಲ್ಮ್ ಫೌಂಡೇಶನ್ ಕೈಜೋಡಿಸಿ 'ಘಟಶ್ರಾದ್ಧ'ವನ್ನು ಪುನರುಜ್ಜೀವನಗೊಳಿಸಿದವು. ೨೦೨೪ರ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಅದು ಪ್ರದರ್ಶಿತವಾಯಿತು. ಇಲ್ಲಿ ಏನನ್ನೂ ಸೇರಿಸುವ ಉದ್ದೇಶವಿರಲಿಲ್ಲ. ಗೀರುಗಳನ್ನು ತೆಗೆದು, ಬೆಳಕನ್ನು ಮೊದಲಿನ ಮಟ್ಟಕ್ಕೆ ತಂದು, ಕೃತಿಯನ್ನು ಅದರ ಮೊದಲ ರೂಪಕ್ಕೆ ಸಾಧ್ಯವಾದಷ್ಟು ಹತ್ತಿರ ಒಯ್ಯುವುದು ಇಂಥ ಕೆಲಸದ ಗುರಿ. ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನೆಗೆ ಇದು ಸಮಾನವಾದುದು. ಪಂಪ, ರನ್ನರ ಕೃತಿಗಳಿಗೆ ಕನ್ನಡ ವಿದ್ವಾಂಸರು ಒಂದು ಶತಮಾನದ ಶ್ರಮವನ್ನು ಧಾರೆಯೆರೆದಿದ್ದಾರೆ. ಸಿನಿಮಾ ಎಂಬ ಪಠ್ಯಕ್ಕೆ ಅದರ ಒಂದಂಶವೂ ಸಂದಿಲ್ಲ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮತ್ತೆ ಮತ್ತೆ ನೋಡಿಸಿಕೊಳ್ಳುವ ಶಕ್ತಿಯು ಚಿತ್ರದ ರಚನೆಯಲ್ಲಿಯೇ ಇರುತ್ತದೆ. 'ಕಸ್ತೂರಿ ನಿವಾಸ'ದಲ್ಲಿ ಅದು ಕೊನೆಯ ನೆರಳಾಗಿಯೂ, 'ನಾಗರಹಾವು'ವಿನಲ್ಲಿ ಬದಲಾಗುವ ಪಕ್ಷಪಾತವಾಗಿಯೂ, 'ಘಟಶ್ರಾದ್ಧ'ದಲ್ಲಿ ಎರಡು ಅರಿವುಗಳ ನಡುವಿನ ಅಂತರವಾಗಿಯೂ ಕೆಲಸ ಮಾಡುತ್ತದೆ. ಎರಡನೆಯದಾಗಿ, ತಿಳಿದ ಕಥೆಯನ್ನು ಹೊಸದಾಗಿ ಅನುಭವಿಸುವ ಕನ್ನಡ ಸಮುದಾಯದ ಹಳೆಯ ಸಂಸ್ಕಾರವೇ ಸಿನಿಮಾದಲ್ಲಿಯೂ ಮುಂದುವರಿದಿದೆ. ಆದರೆ ಇಲ್ಲಿ ಹೊಸತನವನ್ನು ತರಬೇಕಾದವನು ಪ್ರೇಕ್ಷಕನೊಬ್ಬನೇ. ಮೂರನೆಯದಾಗಿ, ಮರುನೋಟವಿಲ್ಲದೆ ಚಲನಚಿತ್ರ ವಿಮರ್ಶೆಯು ಬೆಳೆಯಲಾರದು, ಸಂರಕ್ಷಣೆಯಿಲ್ಲದೆ ಮರುನೋಟ ಸಾಧ್ಯವಾಗದು.

ವರ್ಣರೂಪದ ಆವೃತ್ತಿಗಳು ಬರುವುದಿದ್ದರೆ ಬರಲಿ. ಅವುಗಳ ಜೊತೆಗೆ ಮೂಲ ಕಪ್ಪು-ಬಿಳುಪಿನ ಪ್ರತಿಯೂ ಅಧ್ಯಯನಕ್ಕೆ ದೊರೆಯುವಂತಿರಬೇಕು. ಉಳಿದಿರುವ ನೆಗೆಟಿವ್‌ಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬ ಸಮಗ್ರ ಪಟ್ಟಿಯೊಂದನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬಹುದಾದ ಮೊದಲ ಕೆಲಸ. ಚಿತ್ರ ತಯಾರಿಸಿದ ಮನೆತನಗಳ ಕಪಾಟುಗಳಲ್ಲಿ, ಹಂಚಿಕೆದಾರರ ಗೋದಾಮುಗಳಲ್ಲಿ, ಮುಚ್ಚಿದ ಟಾಕೀಸುಗಳ ಪ್ರೊಜೆಕ್ಟರ್ ಕೋಣೆಗಳಲ್ಲಿ ಇನ್ನೂ ಕೆಲವು ರೀಲುಗಳು ಇರಬಹುದು. ಅವು ಹುಳಿವಾಸನೆ ಹಿಡಿಯುವ ಮೊದಲು ಹುಡುಕಬೇಕಾಗಿದೆ.